ಅಭ್ಯಾಸವಾಗಿದೆ ಎಂದು ಬರೆದಿದ್ದೀಯಲ್ಲ

ಜಂಬೂರು, ಕೊಡಗು
ಕಕ್ಕಡ 20

ಚಿ. ದೇಚಮ್ಮನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ನಿನ್ನ ಹಾಯಿದೋಣಿಯ ಡೆಕ್ಕಿನ ತೇಗದ ಹಲಗೆ, ಹಾಯಿಯ ಹೊಲಿಗೆ, ಕೊಚ್ಚಿಯ ಬೋಳ್ಗಾಟ್ಟಿಯ ಮರೀನಾದಲ್ಲಿ ದೋಣಿಯಿಂದ ದೋಣಿಗೆ ಹಾರಿ ಮೀನು ಕದಿಯುವ ಬೆಕ್ಕು, ಎಲ್ಲವನ್ನೂ ಓದಿ ನಾವಿಬ್ಬರೂ ನಕ್ಕೆವು. ಕೊನೆಯ ಪುಟದ ಒಂದು ಸಾಲು ಮಾತ್ರ ನನ್ನನ್ನು ಬಿಟ್ಟಿಲ್ಲ. ‘ರಾತ್ರಿ ನಾಲ್ಕು ಸಲ, ದೋಣಿಯ ತಳದ ನೀರೆತ್ತುವ ಬಿಲ್ಜ್ ಪಂಪ್ ತಾನಾಗಿ ಓಡುತ್ತದೆ, ನೀರು ಎಲ್ಲಿಂದ ಬರುತ್ತದೋ ಗೊತ್ತಾಗುತ್ತಿಲ್ಲ. ಮೊದಮೊದಲು ಎಚ್ಚರವಾಗುತ್ತಿತ್ತು, ಈಗ ಅಭ್ಯಾಸವಾಗಿದೆ’ ಎಂದಿದ್ದೀಯ. ನಮಗೆ ಧೈರ್ಯ ಹೇಳಲೆಂದೇ ಹಾಗೆ ಬರೆದಿರಬೇಕು. ನನ್ನ ನಿದ್ದೆ ಹೋಯಿತು.

ಕೆಲಸ ಬಿಟ್ಟದ್ದು, ದೋಣಿ ಕೊಂಡದ್ದು, ನಿನ್ನಪ್ಪ ಮಾತು ಬಿಟ್ಟದ್ದು ಎಲ್ಲ ಮನೆಯಲ್ಲಿ ಆಗಿ ಮುಗಿದ ಸಂಗತಿಗಳು. ನಾನು ಮತ್ತೆ ಎತ್ತುವುದಿಲ್ಲ.

ಹಾಯಿದೋಣಿಯ ಬಗ್ಗೆ ನನಗೇನು ಗೊತ್ತು? ಪಂಪ್ ಗೊತ್ತು. ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುತ್ತಾ ಕೆರೆಯ ದಂಡೆಯಲ್ಲಿ ಡೀಸೆಲ್ ಪಂಪಿನ ಪಕ್ಕದಲ್ಲೇ ಮಲಗಿದವನು ನಾನು. ಅದರ ಶಾಫ್ಟ್ ಹೊರಬರುವ ಕಡೆಯ ಗ್ಲ್ಯಾಂಡಿನೊಳಗೆ ಹಗ್ಗದಂಥ ಪ್ಯಾಕಿಂಗ್ ಸುತ್ತಿರುತ್ತಾರೆ. ಶಾಫ್ಟ್ ತಿರುಗುವಾಗ ಅಲ್ಲಿ ತೊಟ್ಟು ತೊಟ್ಟಾಗಿ ನೀರು ಜಿನುಗಬೇಕು, ಜಿನುಗದಿದ್ದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿಗೂ ಗೀರು ಬೀಳುತ್ತದೆ. ನಿನ್ನ ದೋಣಿಯ ಪ್ರೊಪೆಲ್ಲರ್ ಶಾಫ್ಟಿಗೂ ಅಂಥದ್ದೇ ಗ್ಲ್ಯಾಂಡ್ ಇದೆ ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಇರಲಿ. ಆದರೆ ಈಗ ಎಂಜಿನ್ ಬಿಚ್ಚಿಟ್ಟಿದ್ದೀಯ, ಶಾಫ್ಟ್ ತಿರುಗುತ್ತಿಲ್ಲ. ನಿಂತ ಶಾಫ್ಟಿನಿಂದ ಒಂದೆರಡು ತೊಟ್ಟು ಬಿದ್ದೀತು, ರಾತ್ರಿಗೆ ನಾಲ್ಕು ಸಲ ಪಂಪ್ ಓಡಿಸುವಷ್ಟು ಬೀಳಬಾರದು. ಬಿದ್ದರೂ ಅದನ್ನು ಅಭ್ಯಾಸ ಮಾಡಿಕೊಳ್ಳಬಾರದು.

ಮೊನ್ನೆ ಕಕ್ಕಡ ಹದಿನೆಂಟರ ಮದ್ದುಪುಟ್ಟು ಉಣ್ಣುವಾಗಲೂ ಇದೇ ಯೋಚನೆ. 2018ರಲ್ಲಿ ಅದೇ ದಿನ, ಆಗಸ್ಟ್ 3ರ ರಾತ್ರಿ, ಹಳೆಯ ಮನೆಯ ಅಡುಗೆಮನೆಯಲ್ಲಿ ನಿನ್ನ ದೊಡ್ಡಮ್ಮ ಒಲೆಯ ಹಿಂದೆ ಕಿವಿಯಿಟ್ಟು, ನೆಲದಡಿಯಲ್ಲಿ ನೀರು ಹರಿದಂತೆ ಕೇಳುತ್ತದೆ ಎಂದಳು. ಕಕ್ಕಡ ತಿಂಗಳ ಮಳೆಯಲ್ಲಿ ಜಲ ಏಳದೆ ಇನ್ನೇನು ಏಳುತ್ತದೆ ಎಂದೆ. ಮರುದಿನವೂ ಹೇಳಿದಳು. ಮೂರನೆಯ ಸಲ ಗದರಿದೆ. ಆಮೇಲೆ ಅವಳು ಹೇಳಲಿಲ್ಲ, ಸದ್ದು ನಿಂತಿರಬೇಕು ಎಂದುಕೊಂಡು ನಾನು ಚೆನ್ನಾಗಿ ನಿದ್ದೆ ಮಾಡಿದೆ. 16ರ ಬೆಳಗ್ಗೆ ಹಿತ್ತಲಿನ ಒರತೆ ಕೆಂಪಾಗಿ ಬಂತು. ಹೊರಟೆವು. ಮುಂದಿನದು ನಿನಗೆ ಗೊತ್ತಿದೆ.

ನಿನಗೆ ಗೊತ್ತಿಲ್ಲದ ಎರಡು ಸಂಗತಿಗಳಿವೆ. ಮನೆಯ ಹಿಂದಿನ ಬರೆಯನ್ನು, ಆ ಗುಡ್ಡದ ಇಳಿಜಾರನ್ನು, ನೆಟ್ಟಗೆ ಗೋಡೆಯಂತೆ ಕಡಿಸಿದವನು ನಾನು. ಕಾಫಿ ಒಣಗಿಸುವ ಕಣ ಸಾಲದೆಂದು ಜೆಸಿಬಿ ತರಿಸಿದ್ದೆ. ಏಳು ಮಳೆಗಾಲ ಏನೂ ಆಗಲಿಲ್ಲ. ಎಂಟನೆಯದರಲ್ಲಿ ಬರೆ ಜರಿದಾಗ ಎಲ್ಲರೂ ಮಳೆಯನ್ನು ಬೈದರು, ನಾನೂ ತಲೆಯಾಡಿಸಿದೆ. ಅಂಥ ಮಳೆಯನ್ನು ಕಂಡಿರಲಿಲ್ಲ ಎಂಬುದೂ ಸುಳ್ಳಲ್ಲ. ಇನ್ನೊಂದು, ಆ ಹದಿಮೂರು ರಾತ್ರಿಯೂ ನಿನ್ನ ದೊಡ್ಡಮ್ಮ ಎಚ್ಚರವಾಗಿಯೇ ಇದ್ದಳಂತೆ. ಎರಡು ವರ್ಷದ ಮೇಲೆ, ಈ ಮನೆಗೆ ಬಂದು ಹಾಲು ಉಕ್ಕಿಸಿದ ದಿನ ಹೇಳಿದಳು. ಸದ್ದು ಒಂದು ದಿನವೂ ನಿಂತಿರಲಿಲ್ಲವಂತೆ.

ದೋಣಿಗೂ ಗುಡ್ಡಕ್ಕೂ ಏನು ಸಂಬಂಧ ಎಂದು ಕೇಳುತ್ತೀಯ. ನನಗೂ ಸರಿಯಾಗಿ ಹೇಳಲು ಬರುವುದಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದವರೊಬ್ಬರಿದ್ದಾರೆ. ಆ ಸಾಲನ್ನು ಅವರಿಗೆ ತೋರಿಸಿದೆ, ಕೋಪ ಮಾಡಿಕೊಳ್ಳಬೇಡ. ಸೋರಿಕೆಯೇ ಇರಲಿಕ್ಕಿಲ್ಲ, ನೀರು ಹೊರಹಾಕುವ ಪೈಪಿನಲ್ಲಿ ಉಳಿದದ್ದು ಪಂಪ್ ನಿಂತ ಮೇಲೆ ಹಿಂದಕ್ಕಿಳಿದು ಮತ್ತೆ ಅದನ್ನೇ ಓಡಿಸುತ್ತಿರಬಹುದು ಎಂದರು. ಮನಸ್ಸು ಹಗುರವಾಯಿತು. ಗೇಟಿನವರೆಗೆ ಬಂದವನು ಹಿಂದಿರುಗಿ, ಹಾಗಿದ್ದರೆ ನಿಂತ ಕೂಡಲೇ ಓಡಬೇಕಲ್ಲ, ಇದು ಎರಡು ಗಂಟೆಗೊಮ್ಮೆ ಓಡುತ್ತಿದೆಯಲ್ಲ ಎಂದು ಕೇಳಿದೆ. ಅವರು ಸುಮ್ಮನಾದರು.

ಆಮೇಲೆ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಒಳಗಿನ ನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಲಿ, ಉಪ್ಪಾದರೆ ಹೊರಗಿನದು, ಸಪ್ಪೆಯಾದರೆ ಡೆಕ್ಕಿನಿಂದ ಇಳಿದ ಮಳೆಯದು ಎಂದರು. ಮರುಕ್ಷಣವೇ ತಿದ್ದಿಕೊಂಡರು: ಮಳೆಗಾಲದಲ್ಲಿ ಹೊಳೆಗಳೆಲ್ಲ ಇಳಿದು ಕೊಚ್ಚಿಯ ಹಿನ್ನೀರೇ ಸಪ್ಪೆಯಾಗಿರುತ್ತದೆ, ಈಗ ನಾಲಿಗೆಯನ್ನು ನಂಬಬಾರದು. ಅದರ ಬದಲು ತಳವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ದೋಣಿಯ ತಳದ ತೂತುಗಳಿಗೆ ಹಾಕಿರುವ ಪ್ರತಿಯೊಂದು ವಾಲ್ವಿನ ಕೆಳಗೂ ಪೈಪಿನ ಕೆಳಗೂ ಕಾಗದದ ಚೂರು ಹಾಸಬೇಕಂತೆ, ಬೆಳಗ್ಗೆ ಯಾವುದು ಒದ್ದೆಯಾಗಿದೆ ಎಂದು ನೋಡಬೇಕಂತೆ. ಇದನ್ನೆಲ್ಲ ನೀನು ಆಗಲೇ ಮಾಡಿರಬಹುದು. ಹಿತ್ತಾಳೆಯ ವಾಲ್ವ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಹೋಗಿ ಪುಡಿಯಾಗುವ ಹಂತಕ್ಕೆ ಬಂದಿದೆ ಎಂದು ಅರ್ಥವಂತೆ. ದೋಣಿ ನೀರಿನಲ್ಲಿರುವಾಗ ಅದನ್ನು ತಟ್ಟಿ ನೋಡಲು ಹೋಗಬೇಡ. ವಾಲ್ವ್ ಮುರಿದರೆ ತೂತಿಗೆ ತುರುಕಲು ಮೆದು ಮರದ ಬೆಣೆಯೊಂದನ್ನು ಪ್ರತಿ ವಾಲ್ವಿನ ಪಕ್ಕದಲ್ಲೂ ದಾರದಿಂದ ಕಟ್ಟಿಡಬೇಕಂತೆ. ಬೆಣೆಗಳನ್ನು ನಾನೇ ಕೆತ್ತಿ ಕಳಿಸುತ್ತೇನೆ, ಅಳತೆ ಹೇಳು.

ದಡದ ಕರೆಂಟು ಹೋದರೆ ಚಾರ್ಜರ್ ನಿಲ್ಲುತ್ತದೆ, ಪಂಪ್ ಬ್ಯಾಟರಿಯನ್ನು ಕುಡಿಯುತ್ತಾ ಹೋಗುತ್ತದೆ, ಬ್ಯಾಟರಿ ಮುಗಿದಾಗ ಸದ್ದೂ ಮುಗಿಯುತ್ತದೆ. ಓಡುವ ಸದ್ದಿಗೇ ಎಚ್ಚರವಾಗದವಳಿಗೆ ಅದು ನಿಂತದ್ದು ಹೇಗೆ ತಿಳಿಯಬೇಕು? ನನ್ನನ್ನು ಮಲಗಲು ಬಿಡದಿರುವುದು ಇದು.

ದಿನವೂ ಬೆಳಗ್ಗೆ ಮೊಬೈಲಿಗೆ ಒಂದು ಅಂಕಿ ಕಳಿಸು. ರಾತ್ರಿ ಎಷ್ಟು ಸಲ ಓಡಿತು, ಅಷ್ಟೇ. ಮೂರಾದರೆ ಮೂರು, ಆರಾದರೆ ಆರು. ನಾನು ಉಪದೇಶ ಮಾಡುವುದಿಲ್ಲ, ನಿನ್ನಪ್ಪನಿಗೂ ಹೇಳುವುದಿಲ್ಲ.

ಪಾರ್ಸೆಲಿನಲ್ಲಿ ಕಾಚಂಪುಳಿಯ ಬಾಟಲಿ ಇದೆ, ಮೀನಿಗೆ ಹಾಕಿಕೋ. ನಿನ್ನ ಪತ್ರ ಓದಿ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: ಪಂಪ್ ಓಡುವುದಕ್ಕೆ ಮೊದಲು ಬೇರೆ ಏನಾದರೂ ಸದ್ದು ಕೇಳುತ್ತದೆಯೇ ಎಂದು. ಅದಕ್ಕೆ ಉತ್ತರವನ್ನು ಅವಳ ಹೆಸರಿಗೇ ಬರೆದು ಹಾಕು. ನಾನು ಒಡೆದು ಓದುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ