ಮಗಳಿಗೊಂದು ಪತ್ರ: ಸೋಮವಾರಕ್ಕೆ ಮುಂಚೆ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ, ಮಾಡಲಿಲ್ಲ. ಮಾಡಿದ್ದರೆ ಇಬ್ಬರ ದನಿಯೂ ಮತ್ತೆ ಏರುತ್ತಿತ್ತು. "ನಂಗೆ ಗೊತ್ತಿದೆ ಅಪ್ಪ, ಸಾಕು" ಅಂದೆ. ನಿನಗೆ ಗೊತ್ತಿದೆ ಅಂತ ನನಗೂ ಗೊತ್ತು ಕಣೇ. ಬೇಜಾರು ಮಾಡಿಕೊಳ್ಳಬೇಡ. ಆದರೆ ವರ್ಷಕ್ಕೂ ಜಾಸ್ತಿ ನಿಂತಿದ್ದ ಸ್ಕ್ರೂ ಕಂಪ್ರೆಸರನ್ನು ಸೋಮವಾರ ಬೆಳಗ್ಗೆ ಚಾಲೂ ಮಾಡಿ ಲೈನಿಗೆ ಗಾಳಿ ಕೊಡಬೇಕು ಅಂತ ನಿಮ್ಮ ಮ್ಯಾನೇಜರ್ ಹೇಳಿದ್ದಾರೆ ಅಂದೆಯಲ್ಲ, ಅದನ್ನು ಕೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಹೊರಗಿಂದ ಒರೆಸಿ ಇಟ್ಟರೆ ಅದು ಹೊಸದರ ಹಾಗೇ ಕಾಣುತ್ತದೆ. ಕೆಟ್ಟಿದ್ದರೆ ಕೆಟ್ಟಿರುವುದು ಏರ್ ಎಂಡ್ ಒಳಗೆ, ಅಂದರೆ ಎರಡು ರೋಟರ್ ಸೇರಿ ತಿರುಗಿ ಗಾಳಿ ಒತ್ತುವ ಭಾಗದಲ್ಲಿ. ನಿಲ್ಲಿಸಿದ ದಿನ ಒಳಗೆ ಉಳಿದ ಬಿಸಿ ಗಾಳಿಯಲ್ಲಿ ತೇವ ಇರುತ್ತದೆ, ತಣ್ಣಗಾದಾಗ ಅದು ನೀರಾಗಿ ರೋಟರ್ ಮೇಲೆ, ಬೇರಿಂಗ್ ಮೇಲೆ ಕೂರುತ್ತದೆ. ಎಣ್ಣೆ ನಿಧಾನಕ್ಕೆ ಕೆಳಗಿಳಿದು ಟ್ಯಾಂಕ್ ಸೇರುತ್ತದೆ. ಶಾಫ್ಟ್ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಬೇರಿಂಗಿನ ರೋಲರ್ ತಾಗುವ ಕಡೆ ತುಕ್ಕಿನ ಗೆರೆ ಬೀಳುತ್ತದೆ. ಪಕ್ಕದಲ್ಲಿ ಬೇರೆ ಮೆಷಿನ್ ಓಡಿ ನೆಲ ಅದುರುತ್ತಿದ್ದರೆ ನಿಂತಲ್ಲೇ ಬೇರಿಂಗಿಗೆ ಗುಳಿ ಬೀಳುತ್ತದೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಕೈಯಿಂದ ತಿರುಗಿಸಿ, ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲಿಸಬೇಕು ಅನ್ನುವುದು. ಅಲ್ಲಿ ಯಾರಾದರೂ ತಿರುಗಿಸುತ್ತಿದ್ದರಾ? ರಿಜಿಸ್ಟರ್ ಕೇಳು. ಇಲ್ಲ ಅಂದರೆ ತಿರುಗಿಸಿಲ್ಲ ಅಂತಲೇ ತಿಳಿದುಕೊಂಡು ಶುರು ಮಾಡು.

"ವಾರಕ್ಕೊಮ್ಮೆ ಐದು ನಿಮಿಷ ಓಡಿಸುತ್ತಿದ್ದೆವು" ಅಂತ ಹೇಳಿದರೆ ಸಮಾಧಾನ ಪಡಬೇಡ. ಐದು ನಿಮಿಷದಲ್ಲಿ ಎಣ್ಣೆ ಬಿಸಿಯೇ ಆಗುವುದಿಲ್ಲ. ಎಳೆದುಕೊಂಡ ಗಾಳಿಯ ತೇವ ಆವಿಯಾಗಿ ಹೊರಗೆ ಹೋಗದೆ ಎಣ್ಣೆಯಲ್ಲೇ ಸೇರುತ್ತದೆ. ಓಡಿಸಿದರೆ ಲೋಡ್ ಮೇಲೆ, ಚೆನ್ನಾಗಿ ಬಿಸಿ ಆಗುವವರೆಗೆ ಓಡಿಸಬೇಕು, ಇಲ್ಲದಿದ್ದರೆ ಓಡಿಸಲೇಬಾರದು. ಇದನ್ನು ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ.

ಈಗ ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಓದು. ಮೈನ್ ಸ್ವಿಚ್ ಆಫ್ ಮಾಡಿ ಬೀಗ ಹಾಕು, ಕೀ ನಿನ್ನ ಜೇಬಿನಲ್ಲೇ ಇರಲಿ. ಟ್ಯಾಂಕ್ ತಳದ ನೀರು ಬಿಡು. ಹಳೇ ಎಣ್ಣೆ ಬೆಳ್ಳಗೆ ಕದಡಿದ್ದರೆ ಪೂರ್ತಿ ತೆಗೆಸು, ಅದರ ಮೇಲೆ ಬೇರೆ ಎಣ್ಣೆ ಸುರಿಯಬೇಡ. ಇನ್‌ಟೇಕ್ ವಾಲ್ವ್ ಮೂಲಕ ಏರ್ ಎಂಡಿಗೆ ಮೆಷಿನ್ನಿಗೆ ಹಾಕುವ ಜಾತಿಯದೇ ಹೊಸ ಎಣ್ಣೆ ಹಾಕು, ಎಷ್ಟು ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ. ಆಮೇಲೆ ಬಾಣದ ಗುರುತಿನ ಕಡೆಗೆ ಕೈಯಿಂದ ತಿರುಗಿಸು. ಆ ಎರಡು ರೋಟರ್ ನಡುವೆ ಇರುವುದು ಎಣ್ಣೆಯ ಪದರ ಒಂದೇ. ಅದಿಲ್ಲದೆ ಮೋಟರ್ ಪೂರ್ತಿ ವೇಗದಲ್ಲಿ ಎದ್ದರೆ ಮೊದಲ ಕೆಲವು ಸೆಕೆಂಡಿನಲ್ಲೇ ಎಲ್ಲಾ ಮುಗಿಯುತ್ತದೆ. ಮೋಟರಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕು, ಮೋಟರ್ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಡ್ರೈವ್ ಇದ್ದರೆ ಮೊದಲು ಅದರ ವೈರ್ ಬಿಚ್ಚಿಸು. ರೀಡಿಂಗ್ 1 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಸ್ಟಾರ್ಟ್ ಮಾತೇ ಬೇಡ, ಒಣಗಿಸಬೇಕು. ವೈರಿಂಗ್ ಮುಟ್ಟಿದ್ದರೆ ಒಂದು ಕ್ಷಣ ಮಾತ್ರ ಕರೆಂಟ್ ಕೊಟ್ಟು ತಿರುಗುವ ದಿಕ್ಕನ್ನು ನೋಡು. ಫೇಸ್ ಅದಲು ಬದಲಾಗಿ ಉಲ್ಟಾ ತಿರುಗಿದರೆ ಏರ್ ಎಂಡ್ ಉಳಿಯುವುದಿಲ್ಲ.

ಇಷ್ಟೆಲ್ಲಾ ನೀನು ಮಾಡುತ್ತೀಯ. ನನಗೆ ಇರುವ ಹೆದರಿಕೆ ಬೇರೆ. ಟ್ಯಾಂಕಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ. ಆ ಟ್ಯಾಂಕಿನಲ್ಲಿ ಎಣ್ಣೆಯ ಜೊತೆ ಒತ್ತಿದ ಗಾಳಿಯೂ ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕೆಲಸ ಕಲಿಸುತ್ತಿದ್ದ ಫಿಟ್ಟರ್ ಒಬ್ಬರಿದ್ದರು. ಮೆಷಿನ್ ನಿಂತಿತ್ತು. ಗೇಜ್ ಸೊನ್ನೆ ತೋರಿಸುತ್ತಿತ್ತು. ಮುಳ್ಳು ಸಿಕ್ಕಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಮುಚ್ಚಳ ತಿರುಗಿಸಿದರು, ನಾನು ಎಣ್ಣೆ ಕ್ಯಾನ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮುಚ್ಚಳ ಎಲ್ಲಿಗೆ ಹೋಯಿತು ಅಂತ ನೋಡಲೇ ಇಲ್ಲ, ಕುದಿಯುವ ಎಣ್ಣೆ ಅವರ ಕೈ, ಕುತ್ತಿಗೆ, ಗಲ್ಲದ ಮೇಲೆಲ್ಲಾ ಬಿತ್ತು. ಬದುಕಿದರು. ಆದರೆ ಆ ಕೈಯಲ್ಲಿ ಮತ್ತೆ ಸ್ಪ್ಯಾನರ್ ಗಟ್ಟಿಯಾಗಿ ಹಿಡಿಯಲು ಆಗಲಿಲ್ಲ. ಅವರು ಅಜಾಗರೂಕ ಮನುಷ್ಯ ಅಲ್ಲ, ಪುಟ್ಟಿ. ನನಗೆ ಗೊತ್ತಿದ್ದವರಲ್ಲೇ ಬಹಳ ಎಚ್ಚರದ ಮನುಷ್ಯ. ಲೆಕ್ಕ ಹಾಕಿ ನೋಡು: 7 ಬಾರ್ ಒತ್ತಡದಲ್ಲಿ 5 ಸೆಂಟಿಮೀಟರ್ ಅಗಲದ ಮುಚ್ಚಳವನ್ನು ಒಳಗಿಂದ ಸುಮಾರು 140 ಕಿಲೋ ತಳ್ಳುತ್ತಿರುತ್ತದೆ.

ನೀನು ಕೇಳಬಹುದು, ವರ್ಷದಿಂದ ನಿಂತಿದ್ದರಲ್ಲಿ ಪ್ರೆಶರ್ ಎಲ್ಲಿಂದ ಬಂತು ಅಂತ. ಅದೇ ಲೈನಿನಲ್ಲಿ ಬೇರೆ ಕಂಪ್ರೆಸರ್ ಓಡುತ್ತಿದೆ ಅಲ್ವಾ? ಲೈನಿಗೆ ಹೋದ ಗಾಳಿ ವಾಪಸ್ ಬರದಂತೆ ತಡೆಯುವ ಮಿನಿಮಮ್ ಪ್ರೆಶರ್ ವಾಲ್ವ್ ಹಳೆಯದಾಗಿ ಸರಿಯಾಗಿ ಕೂರದಿದ್ದರೆ ಲೈನಿನ ಗಾಳಿ ಹಿಂದಕ್ಕೆ ಟ್ಯಾಂಕಿಗೆ ಬಂದು ತುಂಬಿರುತ್ತದೆ. ಔಟ್‌ಲೆಟ್ ವಾಲ್ವ್ ಮುಚ್ಚಿ, ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ಆಮೇಲೆ ಮುಟ್ಟು. ಇದಕ್ಕಿಂತ ಜಾಸ್ತಿ ಭಯ ಮೊದಲ ಸಲ ಓಡಿಸಿ ನಿಲ್ಲಿಸಿದ ಮೇಲಿನದು. ಆಗ ಎಣ್ಣೆ ಫಿಲ್ಟರ್, ಕೂಲರ್ ಎಲ್ಲಾ ತುಂಬಿಕೊಂಡು ಲೆವೆಲ್ ಇಳಿದಿರುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಲೈನಿನವರು ಗಾಳಿ ಬರಲಿಲ್ಲ ಅಂತ ಕೂಗುತ್ತಿರುತ್ತಾರೆ, ಮೆಷಿನ್ ಬಿಸಿ ಇರುತ್ತದೆ, ನಿನ್ನ ಕೈ ಮುಚ್ಚಳದ ಮೇಲೆ ಇರುತ್ತದೆ. ಆ ಹೊತ್ತಿಗೆ ಯಾರ ಮಾತೂ ಕೇಳಬೇಡ. ಗೇಜ್ ಒಂದನ್ನೇ ನಂಬಬೇಡ. ಕಾಯಿ. ಮುಖ ಪಕ್ಕಕ್ಕೆ ಇಟ್ಟುಕೊಂಡು ಒಂದು ಸುತ್ತು ಮಾತ್ರ ಸಡಿಲಿಸು, ಸುಸ್ ಅಂದರೆ ತಕ್ಷಣ ಬಿಗಿ ಮಾಡಿ ಬಿಟ್ಟು ಬಾ. ನಿಮ್ಮ ಹುಡುಗರು ಯಾರಾದರೂ "ನಾನು ತೆಗೀತೀನಿ ಮೇಡಂ" ಅಂದರೂ ಬಿಡಬೇಡ. ಕೈ ಅವರದ್ದೂ ಕೈಯೇ.

ಗಾಳಿಯಿಂದ ಎಣ್ಣೆ ಬೇರೆ ಮಾಡುವ ಸೆಪರೇಟರ್ ಗ್ಯಾಸ್ಕೆಟ್‌ನಲ್ಲಿದ್ದ ಸಣ್ಣ ಲೋಹದ ಪಿನ್ ಯಾಕೆ ಅಂತ ನೀನು ಹುಡುಕಿ, ಸ್ಥಾಯಿ ವಿದ್ಯುತ್ ಮೆಷಿನ್ನಿನ ಮೈಗೆ ಇಳಿದು ಒಳಗೆ ಬೆಂಕಿ ಹತ್ತದಿರಲಿ ಅಂತ ಹಾಕಿರುವುದು ಎಂದು ಇಡೀ ಶಿಫ್ಟಿಗೆ ತಿಳಿಸಿದೆಯಲ್ಲ, ಅದನ್ನು ನಾನು ಸಿಕ್ಕವರಿಗೆಲ್ಲಾ ಹೇಳಿದ್ದೇನೆ. ನಿನ್ನ ಮುಂದೆ ಹೇಳಿರಲಿಲ್ಲ.

ಶನಿವಾರವೇ ಶಾಫ್ಟ್ ತಿರುಗಿಸಿ ನೋಡು, ಸೋಮವಾರಕ್ಕೆ ಬಿಡಬೇಡ. ಟ್ಯಾಂಕಿನಿಂದ ಎಷ್ಟು ನೀರು ಬಂತು, ಮೆಗ್ಗರ್ ಎಷ್ಟು ತೋರಿಸಿತು, ಕೈಗೆ ಎಲ್ಲಾದರೂ ಹಿಡಿದ ಹಾಗೆ ಆಯಿತಾ, ಇಷ್ಟು ಬರೆದು ಕಳಿಸು. ಹಿಡಿಯುತ್ತಿದ್ದರೆ ಪೈಪ್ ಹಾಕಿ ಒತ್ತಬೇಡ, ಏರ್ ಎಂಡ್ ಬಿಚ್ಚಿ ನೋಡಬೇಕು ಅಂತ ಅವತ್ತೇ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೊಡು.

ನಿನ್ನ
ಅಪ್ಪ