ಒಡೆಯುವ ಗಂಟಲಿಗೆ ಒಪ್ಪಿಸಿದ ಹಾಡು

ಪ್ರಿಯ ಗೆಳೆಯಾ,

ಶೇಕ್ಸ್‌ಪಿಯರನ ಕಾಲದಲ್ಲಿ ಹೆಂಗಸರು ರಂಗವೇರುತ್ತಿರಲಿಲ್ಲವಲ್ಲ, 'ಒಥೆಲೋ' ನಾಟಕದ ನಾಯಕಿ ಡೆಸ್ಡಿಮೋನಾಳ ಪಾತ್ರವನ್ನು ಹುಡುಗ ಮಾಡಿದರೆ ಜನ ನಂಬುತ್ತಿದ್ದರೇ ಎಂದು ಕೇಳಿದ್ದೀಯ. ಚೆನ್ನಾಗಿಯೇ ನಂಬುತ್ತಿದ್ದರು. 1610ರಲ್ಲಿ ಆಕ್ಸ್‌ಫರ್ಡ್‌ನಲ್ಲಿ 'ಒಥೆಲೋ' ನೋಡಿದ ಹೆನ್ರಿ ಜಾಕ್ಸನ್, ಗಂಡನ ಕೈಯಲ್ಲಿ ಸತ್ತು ಹಾಸಿಗೆಯಲ್ಲಿ ಬಿದ್ದ ಆಕೆ ಬರೀ ಮುಖದಿಂದಲೇ ನೋಡುಗರ ಮರುಕ ಬೇಡಿದಳು ಎಂದು ಲ್ಯಾಟಿನ್ ಪತ್ರವೊಂದರಲ್ಲಿ ಬರೆದಿದ್ದಾನೆ. ಹುಡುಗನ ಸುದ್ದಿಯೇ ಅಲ್ಲಿಲ್ಲ.

ಮುಖವನ್ನು ಬಣ್ಣ ಕಾಯುತ್ತದೆ. ದನಿಯನ್ನು ಕಾಯುವವರು ಯಾರು? ಹೆಣ್ಣುಪಾತ್ರ ಮಾಡುತ್ತಿದ್ದ ಇವರು ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳಂತೆ ನುರಿತ ಗಂಡಸರಲ್ಲ. ಹಿರಿಯ ನಟರ ಬಳಿ ಕಸುಬು ಕಲಿಯಲು ಸೇರಿದ ಹುಡುಗರು. ಇಂದಲ್ಲ ನಾಳೆ ಗಂಟಲು ಒಡೆಯುವುದು ಖಚಿತ. ಆ ಅಳುಕನ್ನು ಶೇಕ್ಸ್‌ಪಿಯರ್ ಮುಚ್ಚಿಡುವುದಿಲ್ಲ. ನಾಟಕದವರ ಜೊತೆ ಬಂದ ಹೆಣ್ಣುಪಾತ್ರದ ಹುಡುಗ ಎತ್ತರಕ್ಕೆ ಬೆಳೆದಿರುವುದನ್ನು ಕಂಡ ಹ್ಯಾಮ್ಲೆಟ್, ನಿನ್ನ ದನಿ ಬಿರುಕುಬಿಟ್ಟ ಚಿನ್ನದ ನಾಣ್ಯದಂತಾಗದಿರಲಿ ಎಂದು ದೇವರನ್ನು ಬೇಡುತ್ತಾನೆ. ಆಗಿನ ನಾಣ್ಯದಲ್ಲಿ ದೊರೆಯ ತಲೆಯ ಸುತ್ತ ಒಂದು ಬಳೆ ಇರುತ್ತಿತ್ತು. ಬಿರುಕು ಅದನ್ನು ದಾಟಿ ಒಳಹೊಕ್ಕರೆ ಆ ನಾಣ್ಯ ಚಲಾವಣೆಗೆ ಬಾರದು.

ಈಗ 'ಒಥೆಲೋ'ದ ನಾಲ್ಕನೆಯ ಅಂಕಕ್ಕೆ ಬಾ. ಎಮಿಲಿಯಾ ಒಡತಿಯ ಉಡುಪು ಕಳಚುತ್ತಿದ್ದಾಳೆ. ಡೆಸ್ಡಿಮೋನಾಳಿಗೆ ತಾಯಿಯ ಮನೆಗೆಲಸದವಳೊಬ್ಬಳು ನೆನಪಾಗುತ್ತಾಳೆ: ಪ್ರೀತಿಸಿದವನು ಕೈಬಿಟ್ಟಾಗ ವಿಲೋ ಮರದ ಹಾಡು ಹಾಡುತ್ತಲೇ ಪ್ರಾಣ ಬಿಟ್ಟವಳು. ಅದನ್ನೇ ಇವಳೂ ಹಾಡತೊಡಗುತ್ತಾಳೆ, ನಡುವೆ ನಿಲ್ಲಿಸಿ ಬಾಗಿಲು ತಟ್ಟಿದ್ದು ಯಾರು ಎನ್ನುತ್ತಾಳೆ. ಗಾಳಿ, ಎನ್ನುತ್ತಾಳೆ ಎಮಿಲಿಯಾ. 1623ರ ಫೋಲಿಯೋದಲ್ಲಿ, ಅಂದರೆ ಅವನ ನಾಟಕಗಳನ್ನು ಒಟ್ಟುಗೂಡಿಸಿದ ದೊಡ್ಡ ಪುಸ್ತಕದಲ್ಲಿ, ಈ ಹಾಡಿದೆ. ಈ ನಾಟಕವೊಂದನ್ನೇ ಅಚ್ಚಿಸಿದ ಸಣ್ಣ ಪುಸ್ತಕವಾದ 1622ರ ಕ್ವಾರ್ಟೋದಲ್ಲಿ ಇಲ್ಲ. ಹಾಡಬೇಕಿದ್ದ ಹುಡುಗನ ಗಂಟಲು ಒಡೆದಿರಬೇಕು ಎಂಬುದು ವಿದ್ವಾಂಸರ ಹಳೆಯ ಊಹೆ. ನನಗೂ ಅದೇ ಸರಿ ಎನಿಸುತ್ತದೆ. 'ಟ್ವೆಲ್ಫ್ತ್ ನೈಟ್'ನಲ್ಲೂ ಹಾಡಬಲ್ಲೆ ಎಂದು ಹೊರಡುವ ನಾಯಕಿ ವಯೋಲಾ ಕೊನೆಗೆ ಹಾಡುವುದೇ ಇಲ್ಲ; ಹಾಡೆಲ್ಲ ವಿದೂಷಕ ಫೆಸ್ಟೆಯ ಪಾಲು.

ನನ್ನನ್ನು ಹಿಡಿದು ನಿಲ್ಲಿಸುವವಳು ಮಾತ್ರ ಎಮಿಲಿಯಾ. ಹೆಂಗಸಿಗೆ ಮೌನವೇ ಒಡವೆ ಎಂದು ಬೋಧಿಸುತ್ತಿದ್ದ ಕಾಲ ಅದು. ಒಥೆಲೋನ ಕಿವಿಯಲ್ಲಿ ಹೆಂಡತಿಯ ಬಗ್ಗೆ ಸಂಶಯ ತುಂಬಿದವನು ಇವಳ ಗಂಡ ಇಯಾಗೋ. ಅವನು ಬಾಯಿ ಮುಚ್ಚು ಎನ್ನುತ್ತಾನೆ, ಮನೆಗೆ ನಡೆ ಎನ್ನುತ್ತಾನೆ, ಕತ್ತಿ ಹಿರಿಯುತ್ತಾನೆ. ಉತ್ತರದ ಗಾಳಿಯಂತೆ ತಡೆಯಿಲ್ಲದೆ ಮಾತನಾಡುತ್ತೇನೆ ಎಂದು ಅವಳು ಎಲ್ಲವನ್ನೂ ಹೊರಗೆಡಹುತ್ತಾಳೆ. ಇರಿತ ತಿಂದು ಸಾಯುವಾಗ ಒಡತಿಯ ಆ ವಿಲೋ ಹಾಡನ್ನೇ ಗುನುಗುತ್ತಾಳೆ. ಒಬ್ಬ ಹುಡುಗನ ಗಂಟಲಿನಿಂದ ಇನ್ನೊಬ್ಬನ ಗಂಟಲಿಗೆ ಹಾಡು ದಾಟುತ್ತದೆ. ಕ್ವಾರ್ಟೋದಲ್ಲಿ ಈ ಸಾಲುಗಳೂ ಇಲ್ಲ. ಯಾವಾಗ ಕೈಕೊಡುವುದೋ ತಿಳಿಯದ ಗಂಟಲುಗಳಿಗೆ ಇಷ್ಟು ಗಟ್ಟಿಯಾದ ಹೆಣ್ಣುದನಿಯನ್ನು ಶೇಕ್ಸ್‌ಪಿಯರ್ ಒಪ್ಪಿಸಿದನಲ್ಲ, ಆ ಧೈರ್ಯಕ್ಕೆ ನಾನು ಸೋತಿದ್ದೇನೆ.

ಫೋಲಿಯೋ, ಕ್ವಾರ್ಟೋ ಎರಡರ ಪಾಠಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೊನೆಯ ದೃಶ್ಯವನ್ನು ಗಟ್ಟಿಯಾಗಿ ಓದು. ನಿನಗೆ ಯಾವುದು ಹಿಡಿಸಿತು ಎಂದು ಬರೆ.

ನಿನ್ನ ಗೆಳೆಯ