ತೊಟ್ಟಿ ನೋಡಿ ಮೀನು ಬೆಳೆಯುವುದಿಲ್ಲ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೆ,

ನಮಸ್ಕಾರ. ಅಲಂಕಾರಿಕ ಮೀನು ಮಾರಾಟದ ನಿಯಮ ನಿಮ್ಮ ಇಲಾಖೆಯ ಕೈಯಲ್ಲಿದೆ, ಅದಕ್ಕೇ ಈ ಪತ್ರ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಲೆಂದು ಸಮುದ್ರದ ಮೀನು ಮಾರುವವರು ಎರಡು ವಿಷಯ ಕಣ್ಣಿಗೆ ಕಾಣುವಂತೆ ಬರೆದಿಡಬೇಕು: ಪೂರ್ತಿ ಬೆಳೆದರೆ ಅದು ಎಷ್ಟು ಉದ್ದ, ಎಷ್ಟು ವರ್ಷ ಬದುಕಬಲ್ಲದು. ಯಾವ ಮೀನಿಗೆ ಕನಿಷ್ಠ ಎಷ್ಟು ದೊಡ್ಡ ತೊಟ್ಟಿ ಬೇಕು ಅನ್ನುವುದನ್ನೂ ಆ ಉದ್ದ ನೋಡಿಯೇ ನಿಗದಿ ಮಾಡಬೇಕು.

ಬ್ಲೂ ಟ್ಯಾಂಗ್ ಗೊತ್ತಲ್ವಾ? ನೀಲಿ ಮೈ, ಹಳದಿ ಬಾಲ. ಮಾರಾಟಕ್ಕೆ ಬರುವಾಗ ಹೆಬ್ಬೆರಳಿನಷ್ಟೇ ಇರುತ್ತದೆ. ಬೆಳೆದರೆ ಸುಮಾರು 30 ಸೆಂಟಿಮೀಟರ್. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ತೊಟ್ಟಿಯನ್ನು ಕಣ್ಮುಂದೆ ತಂದುಕೊಳ್ಳಿ. ತೊಟ್ಟಿಯ ಅಗಲ ಎಷ್ಟೋ ಮೀನೂ ಅಷ್ಟೇ ಉದ್ದ! ಒಳಗೆ ಕಲ್ಲು, ಹೀಟರ್, ಪಂಪು ಬೇರೆ. ಬಾಲ ಎರಡು ಸಲ ಬೀಸಿದರೆ ಗಾಜು. ತಿರುಗಿ ಹೊರಟರೆ ಮತ್ತೆ ಗಾಜು. ಹಗಲಿಡೀ ಈಜುತ್ತಾ ಮೇಯುವ ಮೀನು ಇದು.

ಇಷ್ಟು ಹೇಳಿದರೆ ಒಂದು ಉತ್ತರ ರೆಡಿ ಇರುತ್ತದೆ: "ತೊಟ್ಟಿ ಚಿಕ್ಕದಿದ್ದರೆ ಮೀನೂ ಚಿಕ್ಕದಾಗೇ ಇರುತ್ತೆ." ಇದು ಅರ್ಧ ಸತ್ಯ. ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕಾಯಿಲೆ. ಮೀನಿನ ಕೊಳೆಯಿಂದ ಅಮೋನಿಯ ಬರುತ್ತದೆ. ಸಮುದ್ರದ ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) 8.2ರ ಆಸುಪಾಸು, ಅಷ್ಟಿದ್ದಾಗ ಅಮೋನಿಯದ ವಿಷ ಜಾಸ್ತಿ. ಉಪ್ಪು ನೀರಿನಲ್ಲಿ ಆಮ್ಲಜನಕವೂ ಕಡಿಮೆ: 25 ಡಿಗ್ರಿಯಲ್ಲಿ ಸಿಹಿ ನೀರು ಲೀಟರಿಗೆ 8 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಹಿಡಿಯುವುದು 7ಕ್ಕಿಂತ ಕಡಿಮೆ. ನೀರು ಸ್ವಲ್ಪವೇ ಇದ್ದಾಗ ಒಂದು ದಿನ ಆವಿಯಾದರೂ ಉಪ್ಪಿನ ಅಂಶ ಏರುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ ಜಗಳ. ಇದೆಲ್ಲ ಸೇರಿ ಮೀನು ಸದಾ ಒತ್ತಡದಲ್ಲಿರುತ್ತದೆ, ಬೇಗ ರೋಗಕ್ಕೆ ಬೀಳುತ್ತದೆ. ಬೆಳೆಯಲು ಹೋಗಬೇಕಾದ ಶಕ್ತಿ ಜೀವ ಉಳಿಸಿಕೊಳ್ಳಲು ಖರ್ಚಾಗುತ್ತದೆ. (ಹೊರಗಿನ ಮೈ ನಿಂತರೂ ಒಳಗಿನ ಅಂಗಗಳು ಬೆಳೆಯುತ್ತಲೇ ಇರುತ್ತವೆ ಎಂದು ಹೆದರಿಸುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ನಿಯಮದಲ್ಲಿ ಅದನ್ನು ಸೇರಿಸಬೇಡಿ.)

"ಈಗ ಚಿಕ್ಕ ತೊಟ್ಟಿ ಇರಲಿ, ಆಮೇಲೆ ದೊಡ್ಡದು ತಂದರಾಯ್ತು" ಅನ್ನುವ ಮಾತೂ ನಡೆಯುವುದಿಲ್ಲ. ಟ್ಯಾಂಗ್‌ಗಳ ಬಳಗವಾದ ಸರ್ಜನ್ ಮೀನುಗಳ ಕಿವಿಯೊಳಗೆ ಸಣ್ಣ ಕಲ್ಲುಗಳಿರುತ್ತವೆ. ಅದರ ಉಂಗುರ ಎಣಿಸಿದರೆ ವಯಸ್ಸು ತಿಳಿಯುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹೀಗೆ ನೋಡಿದಾಗ 30, 40 ವರ್ಷ ದಾಟಿದ ಸರ್ಜನ್ ಮೀನುಗಳು ಸಿಕ್ಕಿವೆ. ಅವು ಬೆಳೆಯುವುದೆಲ್ಲ ಹೆಚ್ಚುಕಡಿಮೆ ಮೊದಲ ಕೆಲವು ವರ್ಷಗಳಲ್ಲೇ. ಅಂದರೆ ಜಾಗ ಬೇಕಾಗುವುದು ಬೇಗ, ಬೇಕಾಗುವುದು ದಶಕಗಳ ಕಾಲ. ಇನ್ನೊಂದು ಲೆಕ್ಕ ನೋಡಿ: 3 ಸೆಂ.ಮೀ. ಮೀನು 30 ಸೆಂ.ಮೀ. ಆದರೆ ತೂಕ ಹತ್ತು ಪಟ್ಟಲ್ಲ, ಸುಮಾರು ಸಾವಿರ ಪಟ್ಟು. "ಇಷ್ಟು ಸೆಂಟಿಮೀಟರ್ ಮೀನಿಗೆ ಇಷ್ಟು ಲೀಟರ್ ನೀರು" ಅನ್ನುವ ಸೂತ್ರ ಇಲ್ಲೇ ಮುರಿದುಬೀಳುತ್ತದೆ.

ಹಾಗಂತ ಎಲ್ಲ ಮೀನಿಗೂ ಒಂದೇ ಕಟ್ಟಳೆ ಬೇಡ. ಕ್ಲೌನ್ ಮೀನು ಹತ್ತು ಸೆಂ.ಮೀ. ಆಸುಪಾಸಿನದು, ಒಂದೇ ಹೂಜೀವಿಯ (ಸೀ ಅನಿಮೋನ್ ಎಂಬ, ಹೂವಿನಂತೆ ಕಾಣುವ ಸಮುದ್ರಪ್ರಾಣಿ) ಸುತ್ತ ಬದುಕು ಕಳೆಯುತ್ತದೆ. ಅದರ ಗುಂಪಿನಲ್ಲಿ ಕೆಳಗಿನ ಸ್ಥಾನದವು ಗಿಡ್ಡವಾಗಿರುವುದು ಮೇಲಿನ ಸ್ಥಾನದವುಗಳ ದಬ್ಬಾಳಿಕೆಗೆ ಅಂಜಿ. ಸಮುದ್ರದಲ್ಲೂ ಅದು ಹಾಗೇ, ಅದಕ್ಕೆ ತೊಟ್ಟಿಯನ್ನು ದೂರಬೇಕಿಲ್ಲ. ಹವಳದಲ್ಲಿರುವ ಎವಿಯೋಟ ಜಾತಿಯ ಒಂದು ಪುಟ್ಟ ಗೋಬಿ ಮೀನು ಹೆಚ್ಚೆಂದರೆ 59 ದಿನ ಬದುಕುತ್ತದೆ. ಅದು ಎರಡು ತಿಂಗಳಲ್ಲಿ ಸತ್ತರೆ ಸಾಕಿದವರ ತಪ್ಪಲ್ಲ. ಬ್ಲೂ ಟ್ಯಾಂಗ್ ಎರಡು ವರ್ಷದಲ್ಲಿ ಸತ್ತರೆ ಮಾತ್ರ ಯಾಕೆ ಎಂದು ಕೇಳಲೇಬೇಕು. ಆಯಸ್ಸಿನ ಸಂಖ್ಯೆ ಬರೆದಿಡಿ ಅನ್ನುವುದು ಇದಕ್ಕೇ.

ತೊಟ್ಟಿ ಸಾಲದ ಮೀನು ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದೂ ನಿಮ್ಮ ಇಲಾಖೆಯದೇ ತಲೆನೋವು. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಲಯನ್ ಮೀನು 1985ರಲ್ಲಿ ಫ್ಲಾರಿಡಾ ತೀರದಲ್ಲಿ ಕಾಣಿಸಿತು. ಸಾಕಿದವರು ಬಿಟ್ಟದ್ದೇ ಕಾರಣ ಎಂದು ತಜ್ಞರು ನಂಬುತ್ತಾರೆ. ಈಗ ಅದು ಕೆರಿಬಿಯನ್ ತುಂಬಾ ಹರಡಿ ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ.

ಹಾಗಾಗಿ ನಿಯಮದಲ್ಲಿ ಲೀಟರ್ ಒಂದನ್ನೇ ಬರೆದು ಸುಮ್ಮನಾಗಬೇಡಿ. ಎತ್ತರದ, ಕಿರಿದಾದ ತೊಟ್ಟಿಗೂ ಲೀಟರ್ ಲೆಕ್ಕ ಸರಿಹೋಗುತ್ತದೆ, ಆದರೆ ಈಜಲು ಉದ್ದವೂ ಇರುವುದಿಲ್ಲ, ಗಾಳಿ ಬೆರೆಯಲು ಮೇಲ್ಮೈಯೂ ಇರುವುದಿಲ್ಲ. ಉದ್ದ, ಅಗಲ ಎರಡನ್ನೂ ಬರೆಯಿರಿ. ಸಾಕಲಾಗದ ಮೀನನ್ನು ಮಾರಿದವರೇ ವಾಪಸ್ ತೆಗೆದುಕೊಳ್ಳಬೇಕು ಅನ್ನುವ ಒಂದು ಸಾಲನ್ನೂ ಸೇರಿಸಿ. 70 ಸೆಂ.ಮೀ. ಬೆಳೆಯಬಲ್ಲ ಪ್ಯಾಂಥರ್ ಗ್ರೂಪರ್‌ನ ಚುಕ್ಕಿಚುಕ್ಕಿ ಮರಿಯನ್ನು ಮಾರುವವರು ಆಗ ಎರಡು ಸಲ ಯೋಚಿಸುತ್ತಾರೆ.

ಇಂತಿ,
ಸಮುದ್ರ ಮೀನು ಸಾಕುವ ಒಬ್ಬ ನಾಗರಿಕ